ಕಥೆ, ವಸ್ತು, ಸಂವಿಧಾನ: ಇವು ಮೂರೂ ಒಂದೇ ಅಲ್ಲವೇ?

‘ಈ ಕಥೆಯ ವಸ್ತುವನ್ನು ವಿವೇಚಿಸಿ’ ಎಂಬ ಪ್ರಶ್ನೆಗೆ ಕಥೆಯ ಸಾರಾಂಶವನ್ನು ಬರೆದು ಐದಕ್ಕೆ ಒಂದೇ ಅಂಕ ಪಡೆದೆನೆಂದು ಹೇಳಿ, ಕಥೆ, ವಸ್ತು, ಸಂವಿಧಾನ (ಇಲ್ಲಿ ಘಟನೆಗಳ ಹೆಣಿಗೆ ಎಂಬ ಅರ್ಥದಲ್ಲಿ) ಎಂಬ ಈ ಪದಗಳ ವ್ಯತ್ಯಾಸವೇನೆಂದು ಕೇಳಿದ್ದೀರಿ. ಮಂಡ್ಯದ ಕಾಲೇಜೊಂದರಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನಾಗಿ ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ: ತಪ್ಪು ನಿಮ್ಮೊಬ್ಬರದೇ ಅಲ್ಲ. ‘ಕಥಾವಸ್ತು’ ಎಂಬ ಪದವನ್ನು ನಾವು ಮೇಷ್ಟರುಗಳೇ ಒಮ್ಮೆ ಸಾರಾಂಶಕ್ಕೂ ಒಮ್ಮೆ ವಿಷಯಕ್ಕೂ ಬಳಸಿಬಿಡುತ್ತೇವೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಒಂದು ರೈತ ಕುಟುಂಬವನ್ನು ಕಲ್ಪಿಸಿಕೊಳ್ಳಿ. ನಾಲೆಯಲ್ಲಿ ನೀರು ಬರಲಿಲ್ಲ, ಕಬ್ಬು ಒಣಗಿತು, ಮಗ ಮನೆ ಬಿಟ್ಟು ಹೋದ. ಇದು ಕಥೆ, ಅಂದರೆ ಒಂದಾದ ಮೇಲೊಂದು ನಡೆದ ಘಟನೆಗಳು. ಮೇಲಿನ ಗದ್ದೆಯವನು ರಾತ್ರೋರಾತ್ರಿ ನೀರು ತಿರುಗಿಸಿಕೊಳ್ಳುತ್ತಿದ್ದುದನ್ನು ಕಂಡೂ, ಅವನಲ್ಲಿ ಸಾಲ ಮಾಡಿದ್ದ ಕಾರಣಕ್ಕೆ ಅಪ್ಪ ಸುಮ್ಮನಿದ್ದ, ಅದು ತಿಳಿದದ್ದರಿಂದಲೇ ಮಗ ಮನೆ ಬಿಟ್ಟ ಎಂದು ಘಟನೆಗಳನ್ನು ಕಾರಣದಿಂದ ಹೆಣೆದರೆ ಅದು ಸಂವಿಧಾನ. ಈಗ ಸಂಘರ್ಷವಿರುವುದು ಬರಗಾಲದೊಂದಿಗಲ್ಲ, ಅಪ್ಪ ಮಗನ ನಡುವೆ ಎಂಬುದನ್ನು ಗಮನಿಸಿ. ಇಲ್ಲಿನ ವಸ್ತು, ಅಂದರೆ ಕಥೆ ಯಾವುದರ ಬಗ್ಗೆ ಎಂಬುದು, ‘ಸಾಲದಲ್ಲಿರುವ ರೈತನ ಅಸಹಾಯಕತೆ’. ಆಶಯವೆಂಬುದು, ಅಂದರೆ ಆ ವಸ್ತುವಿನ ಬಗ್ಗೆ ಕಥೆ ಹೇಳುವ ಮಾತು, ಇನ್ನೂ ಒಂದು ಹೆಜ್ಜೆ ಮುಂದಿನದು: ಋಣದಲ್ಲಿರುವವನು ತನ್ನ ಪಾಲಿನ ನೀರನ್ನೂ ಕೇಳಲಾರ. ವಸ್ತುವನ್ನು ಎರಡು ಮೂರು ಪದಗಳಲ್ಲಿ ಹೇಳಬಹುದು, ಆಶಯಕ್ಕೆ ಪೂರ್ತಿ ವಾಕ್ಯವೇ ಬೇಕು. ನಾನು ತರಗತಿಯಲ್ಲಿ ಹೇಳುತ್ತಿದ್ದ ಗುರುತು ಇಷ್ಟೇ.

ಸಂವಿಧಾನದ ಮಹತ್ವ ತಿಳಿಯಬೇಕಾದರೆ ನಮ್ಮ ಹಳಗನ್ನಡಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಕ್ರಿ.ಶ. 941ರ ಸುಮಾರಿಗೆ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದ 14 ಆಶ್ವಾಸಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, ಮಹಾಭಾರತದ ಕಥೆಯನ್ನು ಮೊದಲಿನಿಂದ ಹೇಳಿಕೊಂಡು ಬಂದ. ಅನಂತರ ಬಂದ ರನ್ನ ‘ಗದಾಯುದ್ಧ’ದಲ್ಲಿ ಅದೇ ಕಥೆಯ ಕೊನೆಯ ಭಾಗವನ್ನು, ಭೀಮ ದುರ್ಯೋಧನರ ಕಾಳಗವನ್ನು, ಹಿಡಿದು ನಿಂತು, ನಡೆಯುತ್ತ ಹಿಂದಿರುಗಿ ನೋಡುವ ಸಿಂಹದಂತೆ ಹಿಂದಿನದನ್ನೆಲ್ಲ ನೆನೆದು 10 ಆಶ್ವಾಸಗಳಲ್ಲಿ ಮುಗಿಸಿದ. ಇದನ್ನೇ ಸಿಂಹಾವಲೋಕನ ಕ್ರಮವೆನ್ನುತ್ತಾರೆ. ಸಿನಿಮಾದವರ ‘ಫ್ಲ್ಯಾಶ್‌ಬ್ಯಾಕ್’ ಎಂಬ ಪದ ಬಂದ ಮೇಲೆ ಇಷ್ಟು ಚೆಂದದ ಮಾತು ಪರೀಕ್ಷೆಯ ಉತ್ತರಗಳಿಂದಲೂ ಮಾಯವಾಗುತ್ತಿರುವುದು ನನಗೆ ಬೇಸರದ ಸಂಗತಿ. ಕಥೆ ಒಂದೇ ಆದರೂ ಪಂಪನಲ್ಲಿ ಅರ್ಜುನ ನಾಯಕ, ರನ್ನನಲ್ಲಿ ಭೀಮ. ಹೆಣಿಗೆ ಬದಲಾದುದರಿಂದ ಕೃತಿಯೇ ಬೇರೆಯಾಯಿತು.

ಪಾತ್ರ, ಸಂಭಾಷಣೆ, ದೇಶಕಾಲ ಇವುಗಳ ಅರ್ಥ ಹೆಸರಿನಲ್ಲಿಯೇ ಇದೆಯಾದ್ದರಿಂದ ವಿವರಿಸಲು ಹೋಗುವುದಿಲ್ಲ. ಆದರೆ ನಿರೂಪಕನ ವಿಷಯದಲ್ಲಿ ಎಚ್ಚರ ಬೇಕು. ಮೇಲಿನ ಕಥೆಯನ್ನು ಮಗ ‘ನಾನು’ ಎಂದು ಹೇಳಿದರೆ ಅಪ್ಪನ ಮನಸ್ಸಿನಲ್ಲಿ ಏನಿತ್ತೆಂಬುದು ನಮಗೆ ಅವನ ಊಹೆಯ ಮೂಲಕ ಮಾತ್ರ ತಿಳಿಯುತ್ತದೆ. ಸಾಲದ ಸುದ್ದಿಯೇ ಗೊತ್ತಿಲ್ಲದ ಅಮ್ಮ ಹೇಳಿದರೆ ಮಗನದು ಬರೀ ಮೊಂಡುತನವೆನಿಸುತ್ತದೆ. ಆ ‘ನಾನು’ ಲೇಖಕರು ಸೃಷ್ಟಿಸಿದ ಪಾತ್ರವೇ ಹೊರತು ಲೇಖಕರಲ್ಲ. ಇಂಥದೊಂದು ಕಥೆಯ ಬಗ್ಗೆ ನನ್ನ ವಿದ್ಯಾರ್ಥಿಯೊಬ್ಬ ‘ಕೊನೆಯಲ್ಲಿ ಲೇಖಕರು ತಂದೆಯೊಂದಿಗೆ ಜಗಳವಾಡಿ ಬೆಂಗಳೂರಿನ ಬಸ್ಸು ಹತ್ತಿದರು’ ಎಂದು ಬರೆದಿದ್ದ. ಮೈಸೂರು ಬಿಟ್ಟು ಕದಲದ ಆ ಲೇಖಕರು ಅದನ್ನು ಓದಿದ್ದರೆ ನಕ್ಕುಬಿಡುತ್ತಿದ್ದರೇನೋ.