ಲಿಟ್ಲ್ ಮೋರ್ಟನ್ ಹಾಲ್ ಸೊಟ್ಟಗಾದದ್ದು ಹೇಗೆ?

ಇಂಗ್ಲೆಂಡಿನ ಚೆಷೈರ್‌ನ ಲಿಟ್ಲ್ ಮೋರ್ಟನ್ ಹಾಲ್ ಎಂಬ ಮರದ ಚೌಕಟ್ಟಿನ ಹಳೆಯ ಮನೆ ಕಟ್ಟುವಾಗಲೇ ಸೊಟ್ಟಗಿತ್ತೇ ಎಂದು ಕೇಳಿದ್ದೀರಿ. ಇಲ್ಲ, ಅದು ಮೇಲೆ ಹೇರಿದ ಭಾರದ ಫಲ. 16ನೆಯ ಶತಮಾನದ ಆರಂಭದಲ್ಲಿ ಮೋರ್ಟನ್ ಮನೆತನದವರು ಕಟ್ಟಿಸತೊಡಗಿದ ಈ ಮನೆಯ ದಕ್ಷಿಣ ಭಾಗದ ನೆತ್ತಿಯ ಮೇಲೆ ಸುಮಾರು 21 ಮೀಟರ್ ಉದ್ದದ ಪಡಸಾಲೆಯೊಂದಿದೆ. ಮೊದಲ ಯೋಜನೆಯಲ್ಲಿರದ ಅದನ್ನು ಆಮೇಲೆ ಏರಿಸಿದಂತೆ ತೋರುತ್ತದೆ, ಮಾಡಿಗೆ ಹೊದಿಸಿದ್ದಂತೂ ಹಗುರವಾದ ಹೆಂಚಲ್ಲ, ದಪ್ಪ ಕಲ್ಲುಚಪ್ಪಡಿ. ಕೆಳಗಿನ ಓಕ್ ಚೌಕಟ್ಟು ಬಾಗಿತು. ಆದರೆ ಒಂದು ತೊಲೆಯ ನಾಲಿಗೆಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಮರದ ಗೂಟ ಬಡಿಯುವ ಇಂಥ ಜೋಡಣೆ ಮುರಿಯುವುದಕ್ಕಿಂತ ಹೆಚ್ಚಾಗಿ ಮಣಿಯುತ್ತದೆ. ಹೋದರೆ ಅಂಗಳದ ಕಿಟಕಿಗಳನ್ನು ತಪ್ಪದೆ ನೋಡಿ: 1559ರ ಆ ಕೆಲಸದ ಮೇಲೆ ಒಡೆಯ ವಿಲಿಯಂ ಮೋರ್ಟನ್ನನ ಹೆಸರಿನೊಂದಿಗೆ ಬಡಗಿ ರಿಚರ್ಡ್ ಡೇಲ್‌ನ ಹೆಸರೂ ಕೆತ್ತಿದೆ.