ಹಳೇಬೀಡು ಮ್ಯೂಸಿಯಂ ಬಾಗಿಲು ಹಾಕಿತ್ತು ಅಂದ್ರಲ್ಲ, ಅದಕ್ಕೆ

ದೇವಸ್ಥಾನ ತೆಗೆದಿತ್ತು, ಅದೇ ಆವರಣದ ಮ್ಯೂಸಿಯಂಗೆ ಮಾತ್ರ ಬೀಗ ಅಂದ್ರೆ ನೀವು ಹೋಗಿದ್ದು ಬಹುಶಃ ಶುಕ್ರವಾರ ಇರ್ಬೇಕು, ಪುರಾತತ್ವ ಇಲಾಖೆ ಮ್ಯೂಸಿಯಂಗೆ ಅವತ್ತು ವಾರದ ರಜ, ದೇವಸ್ಥಾನಕ್ಕೆ ಹಂಗಿಲ್ಲ. ಬೇರೆ ದಿನ ನೋಡ್ಕೊಂಡು ಹಾಸನದಿಂದ ಬೆಳಿಗ್ಗೆನೇ ಬಸ್ ಹತ್ತಿ, ಮೊದಲು ಹಳೇಬೀಡು ಮುಗಿಸಿ, ಬೇಲೂರು ಆಮೇಲೆ, ಮಧ್ಯೆ 16 ಕಿಮೀ ಅಷ್ಟೆ. ಉಲ್ಟಾ ಮಾಡಿದ್ರೆ ಮ್ಯೂಸಿಯಂ 5 ಗಂಟೆಗೆ ಮುಚ್ಚೋದ್ರೊಳಗೆ ಬಿದ್ದಂಬೀಳ ಓಡ್ಬೇಕಾಗುತ್ತೆ.

ಮ್ಯೂಸಿಯಂ ಒಳಗೆ ಹೋಗೋಕೆ ಮುಂಚೆ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಒಂದು ಸುತ್ತು ಹಾಕಿ, ತಳದಲ್ಲಿ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇದನ್ನ ನೋಡಿದ್ಮೇಲೆ ಮ್ಯೂಸಿಯಂನಲ್ಲಿ ಬಿಡಿಬಿಡಿಯಾಗಿ ಇಟ್ಟಿರೋ ಮೂರ್ತಿಗಳು ಬರೀ ಕಲ್ಲಾಗಿ ಕಾಣಲ್ಲ. ಟೈಮ್ ಉಳಿದ್ರೆ ಬಸ್ತಿಹಳ್ಳಿ ಪಾರ್ಶ್ವನಾಥ ಬಸದಿನೂ ನೋಡಿ, ಅಲ್ಲಿನ ಕಂಬ ಕನ್ನಡಿ ಥರ ಪಾಲಿಶು, ಮಕ್ಕಳಿಗೆ ಖುಷಿಯಾಗುತ್ತೆ.