ಎಂಜಿನ್ ಆಯಿಲ್ ಬದಲಿಸಿದ ಮೇಲೆ ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಮ್ಯಾಕ್ಸ್ ಗುರುತು ದಾಟಿದೆ, ಹಾಗೇ ಓಡಿಸಬಹುದೇ?

ಮೊದಲು ಸರಿಯಾಗಿ ಅಳೆಯಿರಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಬಿಸಿ ಎಂಜಿನ್ ಆಫ್ ಮಾಡಿ 10 ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ತೆಗೆದಾಗ ಸಿಗುವುದೇ ನಿಜವಾದ ಮಟ್ಟ. ಮೊದಲ ಸಲ ಎಳೆದದ್ದನ್ನು ನಂಬಬೇಡಿ, ಕೊಳವೆಗೆ ಅಂಟಿದ ಆಯಿಲ್ ಮೇಲಿನವರೆಗೂ ಸವರಿರುತ್ತದೆ.

ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಚಿಂತೆಯಿಲ್ಲ. ಅರ್ಧ ಸೆಂಟಿಮೀಟರ್ ದಾಟಿದ್ದರೆ ಓಡಿಸಬೇಡಿ, ತೆಗೆಸಿ. ಮಟ್ಟ ತೀರಾ ಮೇಲೇರಿದರೆ ಎಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್‌ಶಾಫ್ಟ್ (ಮುಖ್ಯ ದಂಡ) ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ಪಂಪ್ ನೊರೆಯನ್ನೇ ಎಳೆದರೆ ಪ್ರೆಶರ್ ಬಿದ್ದು ಬೇರಿಂಗ್ ಸವೆಯುತ್ತದೆ. ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಕೊಳವೆ) ಮೂಲಕ ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಹೋಗುವ ದಾರಿಗೆ, ಹೋದ ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ.

ತೆಗೆಯಲು ಡ್ರೈನ್ ಬೋಲ್ಟ್ ಮುಟ್ಟಬೇಕಿಲ್ಲ. ದೊಡ್ಡ ಸಿರಿಂಜ್‌ಗೆ ತೆಳ್ಳನೆಯ ಪೈಪ್ ಸಿಕ್ಕಿಸಿ ಡಿಪ್‌ಸ್ಟಿಕ್ ಕೊಳವೆಯಿಂದಲೇ 100 ಮಿ.ಲೀ.ನಂತೆ ಎಳೆದು, ಪ್ರತಿ ಸಲ ಅಳೆಯಿರಿ.

ಸಾಮಾನ್ಯ ಕಾರಣ: ಹಳೆಯದು ಪೂರ್ತಿ ಇಳಿಯುವ ಮುಂಚೆ, ಅಥವಾ ಫಿಲ್ಟರ್ ಬದಲಿಸದೆಯೇ, ಮ್ಯಾನುಯಲ್‌ನಲ್ಲಿರುವಷ್ಟನ್ನೂ ಸುರಿಯುವುದು. ಮುಂದಿನ ಸಲ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಅಳೆದು ಉಳಿದದ್ದನ್ನು ತುಂಬಿ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಯಲ್ಲಿ ಮಟ್ಟ ತಾನಾಗಿಯೇ ಏರುತ್ತಿದ್ದರೆ ವಿಷಯ ಬೇರೆ. ಆಯಿಲ್‌ಗೆ ಡೀಸೆಲ್ ಬೆರೆತಿರುವ ಸಾಧ್ಯತೆ ಹೆಚ್ಚು. ಸ್ವಲ್ಪ ತೆಗೆದರೆ ಸಾಲದು, ಪೂರ್ತಿ ಬದಲಿಸಿ.